ಆರ್ಫ್1 ತಡೆಯಲು ಬ್ರೆಫೆಲ್ಡಿನ್ ಎ ಬೇಕೇ, ಗಾಲ್ಜಿಸೈಡ್ ಎ ಬೇಕೇ?

ಮೊದಲು ಒಂದು ಮಾತು ಸ್ಪಷ್ಟವಾಗಲಿ: ಆರ್ಫ್1 ಎಂದರೆ ಕೋಶದೊಳಗಿನ ಸಾಗಣೆಯನ್ನು ನಿಯಂತ್ರಿಸುವ ಪ್ರೋಟೀನು; ಈ ಎರಡು ರಾಸಾಯನಿಕಗಳೂ ಆರ್ಫ್1 ಒಂದನ್ನೇ ಪ್ರತ್ಯೇಕವಾಗಿ ಹಿಡಿಯುವುದಿಲ್ಲ. ಅದಕ್ಕೆ ಜಿಟಿಪಿ ಎಂಬ ಸಣ್ಣ ಅಣುವನ್ನು ತುಂಬಿಸಿ ಚಾಲನೆ ಕೊಡುವ ಸಹಾಯಕ ಪ್ರೋಟೀನುಗಳನ್ನು ತಡೆಯುತ್ತವೆ.

ನಿಖರತೆಯೇ ಇಲ್ಲಿನ ಮುಖ್ಯ ಪ್ರಶ್ನೆ. ಶಿಲೀಂಧ್ರದಿಂದ ಬಂದ ಬ್ರೆಫೆಲ್ಡಿನ್ ಜಿಬಿಎಫ್1, ಬಿಗ್1, ಬಿಗ್2 ಎಂಬ ಮೂರು ಸಹಾಯಕ ಪ್ರೋಟೀನುಗಳನ್ನೂ ಕಟ್ಟಿಹಾಕುತ್ತದೆ. ಕೆಲವೇ ನಿಮಿಷಗಳಲ್ಲಿ ಗಾಲ್ಜಿ (ಪ್ರೋಟೀನುಗಳನ್ನು ವಿಂಗಡಿಸಿ ಕಳಿಸುವ ಕೋಶಭಾಗ) ಕೊಳವೆ ಕೊಳವೆಯಾಗಿ ಚಾಚಿ ಪ್ರೋಟೀನು ತಯಾರಾಗುವ ಪೊರೆಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ಕರಗಿಹೋಗುತ್ತದೆ, ಕೋಶ ಒಳಗೆಳೆದುಕೊಂಡದ್ದನ್ನು ಸಾಗಿಸುವ ಎಂಡೋಸೋಮುಗಳೂ ಕೆಡುತ್ತವೆ. ಗಾಲ್ಜಿಸೈಡ್ ಜಿಬಿಎಫ್1 ಒಂದನ್ನೇ ಗುರಿಯಾಗಿಸುತ್ತದೆ. ಬದಲಾವಣೆ ಯಾವ ಪ್ರೋಟೀನಿನಿಂದ ಎಂದು ಬೇರ್ಪಡಿಸಬೇಕಾದವರು ಇದನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಸ್ರವಿಸುವಿಕೆಯನ್ನು ಒಟ್ಟಾರೆ ನಿಲ್ಲಿಸಿ ಸೈಟೊಕೈನ್‌ಗಳನ್ನು (ಕೋಶಗಳು ಸಂಕೇತಕ್ಕಾಗಿ ಹೊರಬಿಡುವ ಪ್ರೋಟೀನುಗಳನ್ನು) ಕೋಶದೊಳಗೇ ಉಳಿಸಿಕೊಳ್ಳುವುದಷ್ಟೇ ಉದ್ದೇಶವಾದರೆ ಬ್ರೆಫೆಲ್ಡಿನ್ ಸಾಕು. ದಶಕಗಳ ಬಳಕೆಯ ಅನುಭವ ಅದಕ್ಕಿದೆ. ಕೋಶಗಳಿಂದ ತೊಳೆದು ತೆಗೆದರೆ ಎರಡರ ಪರಿಣಾಮವೂ ಹಿಮ್ಮರಳುತ್ತದೆ. ಆದರೆ ಬ್ರೆಫೆಲ್ಡಿನ್ ದೀರ್ಘಕಾಲ ಇದ್ದರೆ ಕೋಶ ಒತ್ತಡಕ್ಕೊಳಗಾಗಿ ಸಾಯಬಹುದು.

ಕೋಶದ ಮೂಲವನ್ನೂ ನೋಡಿ. ನಾಯಿಯ ಮೂತ್ರಪಿಂಡದ ಎಂಡಿಸಿಕೆ ಕೋಶಗಳ ಜಿಬಿಎಫ್1ನಲ್ಲಿ 832ನೇ ಸ್ಥಾನದಲ್ಲಿ ಮೆಥಿಯೊನಿನ್ ಎಂಬ ಅಮೈನೋ ಆಮ್ಲದ ಬದಲು ಲ್ಯೂಸಿನ್ ಇದೆ. ಆ ಒಂದೇ ವ್ಯತ್ಯಾಸದಿಂದ ಅವುಗಳ ಗಾಲ್ಜಿ ಎರಡಕ್ಕೂ ಜಗ್ಗುವುದಿಲ್ಲ.