ವಿಧಾನಸೌಧದ ಸುತ್ತ ಕಾಲ್ನಡಿಗೆ: ಭಾನುವಾರವೋ, ಟಿಕೆಟ್ ಟೂರೋ, ಕೆಲಸದ ದಿನವೋ?

ವಿಧಾನಸೌಧ ನೋಡಬೇಕು ಅಂದರೆ ಎಲ್ಲರೂ ಹೇಳುವುದು ಒಂದೇ. ಭಾನುವಾರ ಬೆಳಿಗ್ಗೆ ಹೋಗಿ, ಜನ ಇರಲ್ಲ, ಟ್ರಾಫಿಕ್ ಇರಲ್ಲ. ನಾನೂ ಊರಿಂದ ಬಂದವರಿಗೆಲ್ಲ ಹಾಗೇ ಹೇಳಿ ಕಳಿಸುತ್ತಿದ್ದೆ. ಈಚೆಗೆ ಅದೇ ಜಾಗವನ್ನು ಮೂರು ಸಲ, ಮೂರು ಥರ ನಡೆದು ನೋಡಿದೆ. ಈಗ ಆ ಸಲಹೆ ಅರ್ಧ ಮಾತ್ರ ಸರಿ ಅನಿಸುತ್ತಿದೆ.

ಜಾಗ ದೊಡ್ಡದೇನಲ್ಲ. ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದಿಂದ ವಿಧಾನಸೌಧ ನಿಲ್ದಾಣಕ್ಕೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಅಂಬೇಡ್ಕರ್ ವೀಧಿಯ ಒಂದು ಬದಿಗೆ ಜಿಪಿಒ ಅಂದರೆ ದೊಡ್ಡ ಅಂಚೆ ಕಚೇರಿ, ಸರ್ಕಾರಿ ಕಚೇರಿಗಳಿರುವ ಎಂ.ಎಸ್. ಬಿಲ್ಡಿಂಗ್, ವಿಧಾನಸೌಧ, ವಿಕಾಸಸೌಧ. ಇನ್ನೊಂದು ಬದಿಗೆ ಹೈಕೋರ್ಟು, ಅದರ ಬೆನ್ನಿಗೆ ಪಾರ್ಕು. ರಾಜ್ಯದ ಸರ್ಕಾರ ಪೂರ್ತಿ ಈ ಒಂದು ರಸ್ತೆಯಲ್ಲೇ ಎದುರುಬದುರು ಕೂತಿದೆ ಅಂದರೂ ತಪ್ಪಿಲ್ಲ.

ಮೊದಲು ಭಾನುವಾರದ ಕಥೆ. ಎಂಟು ಗಂಟೆಗೆ ಮುಂಚೆಯೇ ಮೆಟ್ರೋ ಇಳಿದು ಪಾರ್ಕಿನೊಳಗಿಂದ ನಡೆದೆ. ಅವತ್ತು ಪಾರ್ಕಿನೊಳಗೆ ಗಾಡಿ ಬಿಡುವುದಿಲ್ಲ, ರಸ್ತೆ ತುಂಬ ಮಕ್ಕಳ ಸೈಕಲ್ಲು, ನಾಯಿಗಳು, ಯೋಗ ಮಾಡುವವರು. ಶೇಷಾದ್ರಿ ಅಯ್ಯರ್ ಹೆಸರಿನ ಕೆಂಪು ಲೈಬ್ರರಿ ಕಟ್ಟಡದ ಮುಂದೆ ಸ್ವಲ್ಪ ಕೂತೆ. ಹೈಕೋರ್ಟಿನ ಆವರಣದಲ್ಲಿ ಎಷ್ಟೋ ಕಾಲ ಇದ್ದ, ಬ್ರಿಟಿಷರ ಕಾಲದ ಕಮಿಷನರ್ ಮಾರ್ಕ್ ಕಬ್ಬನ್‌ನ ಕುದುರೆ ಸವಾರಿ ಪ್ರತಿಮೆಯನ್ನು 2020ರಲ್ಲಿ ಪಾರ್ಕಿನೊಳಗೇ ತಂದಿಟ್ಟಿದ್ದಾರೆ, ಅದನ್ನೂ ನೋಡಿದೆ. ಆಮೇಲೆ ರಸ್ತೆಗೆ ಬಂದರೆ ಎದುರಿಗೆ ವಿಧಾನಸೌಧ. ಅದರ ಮುಖ ಪೂರ್ವಕ್ಕಿರುವುದರಿಂದ ಬೆಳಗಿನ ಬಿಸಿಲು ನೇರ ಕಲ್ಲಿನ ಮೇಲೆ ಬೀಳುತ್ತದೆ. ಫೋಟೋ ತೆಗೆಯುವವರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಸಂಜೆ ಹೋದರೆ ಲೆಕ್ಕ ಉಲ್ಟಾ, ಆಗ ಹೈಕೋರ್ಟಿನ ಕೆಂಪು ಹೊಳೆಯುತ್ತದೆ, ಕತ್ತಲಾದ ಮೇಲೆ ಇತ್ತ ವಿಧಾನಸೌಧಕ್ಕೆ ವಾರಾಂತ್ಯದಲ್ಲಿ ಹಾಕುವ ದೀಪಗಳು.

ಎಲ್ಲ ಚೆನ್ನಾಗಿತ್ತು. ಆದರೆ ಅರ್ಧ ಗಂಟೆಯಲ್ಲಿ ಮುಗಿದೇ ಹೋಯಿತು! ಬೇಲಿಯಾಚೆ ನಿಂತು ಎಷ್ಟು ಹೊತ್ತು ನೋಡುತ್ತೀರಿ? ಗೇಟು ಹಾಕಿದೆ, ಪೊಲೀಸರು ಸುಮ್ನೆ ಕೂತಿದ್ದಾರೆ, ಒಳಗೆ ಯಾರೂ ಇಲ್ಲ. ಮದುವೆ ಮುಗಿದ ಮಾರನೇ ದಿನ ಛತ್ರಕ್ಕೆ ಹೋದ ಹಾಗೆ.

ಎರಡನೆಯದು ಟಿಕೆಟ್ ಟೂರು. 2025ರ ಜೂನ್‌ನಲ್ಲಿ ಶುರುವಾಗಿದ್ದು, ಭಾನುವಾರಗಳಲ್ಲಿ, ಮತ್ತೆ ಎರಡನೇ, ನಾಲ್ಕನೇ ಶನಿವಾರ ಇರುತ್ತದೆ. ದೊಡ್ಡವರಿಗೆ 50 ರೂಪಾಯಿ, ಬುಕ್ಕಿಂಗ್ ಆನ್‌ಲೈನ್‌ನಲ್ಲೇ. ಅಕ್ಕನ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಮೊದಲ ಪೆಟ್ಟು ನನ್ನದೇ ತಪ್ಪಿನಿಂದ, ಗುರುತಿನ ಚೀಟಿಯನ್ನು ಮನೆಯಲ್ಲೇ ಬಿಟ್ಟಿದ್ದೆ. ಅಕ್ಕನಿಗೆ ಫೋನ್ ಮಾಡಿ, ಬೈಸಿಕೊಂಡು, ಆಧಾರ್ ಫೋಟೋ ತರಿಸಿಕೊಂಡೆ, ಪುಣ್ಯಕ್ಕೆ ನಡೆಯಿತು. ನೀವು ಒರಿಜಿನಲ್ಲೇ ಜೇಬಿನಲ್ಲಿಟ್ಟುಕೊಳ್ಳಿ.

ಕಟ್ಟಡದ ಕಥೆ ಬೇಕು ಅನ್ನುವವರಿಗೆ ಇದೇ ಸರಿ. 1951ರ ಜುಲೈನಲ್ಲಿ ನೆಹರೂ ಅಡಿಗಲ್ಲು ಹಾಕಿದಾಗ ಇದ್ದ ನಕ್ಷೆ ಬೇರೆ, ಸಾದಾ ಕಟ್ಟಡದ್ದು. 1952ರಲ್ಲಿ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯ ಅದನ್ನು ಬದಿಗಿಟ್ಟು, ನಮ್ಮ ಗುಡಿ ಗೋಪುರಗಳ ಚೆಲುವು ಇರುವ ಕಲ್ಲಿನ ಕಟ್ಟಡವೇ ಬೇಕು ಎಂದು ಹಟ ಹಿಡಿದರು. ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ. ಕೂಲಿಯವರ ಜೊತೆಗೆ ಕೈದಿಗಳೂ ಇಲ್ಲಿ ದುಡಿದರು. ಖರ್ಚು ಒಂದೂಮುಕ್ಕಾಲು ಕೋಟಿಯ ಆಸುಪಾಸಿಗೆ ಹೋಯಿತು, ಆ ಕಾಲಕ್ಕೆ ಅದು ದೊಡ್ಡ ಗಲಾಟೆ. ನನಗೆ ಮನಸ್ಸಿಗೆ ತಾಗುವುದು ಇನ್ನೊಂದು ವಿಷಯ. 1956ರಲ್ಲಿ ಕಟ್ಟಡ ಮುಗಿಯುವ ಹೊತ್ತಿಗೆ ಕೆಂಗಲ್ ಮುಖ್ಯಮಂತ್ರಿ ಆಗಿರಲಿಲ್ಲ, ಅದೇ ವರ್ಷ ಆಗಸ್ಟ್‌ನಲ್ಲಿ ಕುರ್ಚಿ ಬಿಟ್ಟಿದ್ದರು. ಕಟ್ಟಿದವರಿಗೆ ಗೃಹಪ್ರವೇಶದ ಊಟ ಇಲ್ಲ ಅನ್ನೋ ಹಾಗಾಯಿತು.

ಮುಂದಿನ ಹನ್ನೆರಡು ಕಂಬಗಳು ಒಂದೊಂದೂ 40 ಅಡಿ. ಟಿವಿಯಲ್ಲಿ ನೋಡಿದಾಗ ಇದು ಗೊತ್ತಾಗುವುದಿಲ್ಲ, ಬುಡದಲ್ಲಿ ನಿಂತು ತಲೆ ಎತ್ತಬೇಕು. ಚಿಕ್ಕವನು ಕಂಬ ಎಣಿಸಿದ್ದೇ ಎಣಿಸಿದ್ದು. ದೊಡ್ಡವಳು "ಮಾಮಾ, ದೇವರ ಕೆಲಸ ಅಂತ ಯಾಕೆ ಬರೆದಿದ್ದಾರೆ, ದೇವರಿಗೆ ಕೆಲಸ ಇರುತ್ತಾ?" ಅಂದಳು. "ಸರ್ಕಾರದ ಕೆಲಸ ದೇವರ ಕೆಲಸ" ಎಂದು ಬರೆಸಿದವರೂ ಕೆಂಗಲ್ ಅವರೇ ಎಂದು ಹೇಳಿ ಜಾರಿಕೊಂಡೆ.

ಟೂರಿನ ತೊಂದರೆ ಏನೆಂದರೆ ಅದು ಟೂರು. ಗುಂಪು ಮುಂದಕ್ಕೆ ಹೋಗುತ್ತಲೇ ಇರುತ್ತದೆ, ನಿಮಗೆ ಇಷ್ಟವಾದ ಕಡೆ ಹತ್ತು ನಿಮಿಷ ನಿಲ್ಲುವ ಹಾಗಿಲ್ಲ. ಮತ್ತೆ ಅದು ಕಾಂಪೌಂಡಿನೊಳಗಿನ ಮಾತು, ರಸ್ತೆ ದಾಟಿದರೆ ಇರುವ ಹೈಕೋರ್ಟಿನ ಕಥೆ ನೀವೇ ತಿಳಿದುಕೊಳ್ಳಬೇಕು. ಅದೂ ಸಣ್ಣ ಕಥೆಯಲ್ಲ. 1868ರಲ್ಲಿ ಮುಗಿದ ಆ ಕಟ್ಟಡದಲ್ಲಿ ಹದಿನೆಂಟು ಇಲಾಖೆಗಳಿದ್ದವು, ಅದಕ್ಕೇ ಅಠಾರಾ ಕಚೇರಿ ಅನ್ನೋ ಹೆಸರು. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಬಂದಾಗ ಜನ ಕೋರ್ಟಿಗೆ ಹೋದರು. ಕೋರ್ಟು ಕೂರುವ ಕಟ್ಟಡವನ್ನು ಉಳಿಸಿ ಎಂದು ಅದೇ ಕೋರ್ಟಿನ ಮುಂದೆ ಅರ್ಜಿ! ಕೊನೆಗೂ ಕಟ್ಟಡ ಉಳಿಯಿತು.

ಮೂರನೆಯದು ನಾನು ಬೇಕೆಂದು ಹೋಗಿದ್ದಲ್ಲ. ತುರುವೇಕೆರೆಯಿಂದ ದೊಡ್ಡಪ್ಪ ಬಂದಿದ್ದರು, ಒಂದು ಕಚೇರಿಯಲ್ಲಿ ಅವರ ಕಾಗದ ಕೊಡಬೇಕಿತ್ತು. ಮಂಗಳವಾರ, ಬೆಳಿಗ್ಗೆ ಹನ್ನೊಂದು, ಬಿಸಿಲು. ಕೆಲಸ ಹತ್ತು ನಿಮಿಷದಲ್ಲಿ ಆಗಿಹೋಯಿತು, ನಮಗೇ ನಂಬಿಕೆ ಬರಲಿಲ್ಲ. ಉಳಿದ ಹೊತ್ತು ಏನು ಮಾಡುವುದು, ನಡೆದೆವು.

ಇದೇ ನಾನು ಹೇಳಬೇಕೆಂದಿದ್ದು. ಅವತ್ತು ಆ ರಸ್ತೆಗೆ ಜೀವ ಇತ್ತು. ಕರಿ ಕೋಟಿನ ವಕೀಲರು ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿ ರಸ್ತೆ ದಾಟುತ್ತಿದ್ದರು. ಅವರ ಹಿಂದೆ ಕಟ್ಟು ಹೊತ್ತ ಗುಮಾಸ್ತ, ಗುಮಾಸ್ತನ ಹಿಂದೆ ದಾರಿ ಗೊತ್ತಿಲ್ಲದ ಕಕ್ಷಿದಾರ. ವಿಧಾನಸೌಧದ ಗೇಟಿನ ಹತ್ತಿರ ಪ್ಲಾಸ್ಟಿಕ್ ಕವರಿನಲ್ಲಿ ಅರ್ಜಿ ಇಟ್ಟುಕೊಂಡು ಪಾಸಿಗೆ ಕಾಯುವ ಜನ. ಒಂದು ಗುಂಪು ಯಾವುದೋ ತಾಲ್ಲೂಕಿನಿಂದ ಬಂದಿತ್ತು, ಒಬ್ಬರ ಕೈಲಿ ಹಣ್ಣಿನ ಬುಟ್ಟಿ, ಇನ್ನೊಬ್ಬರ ಕೈಲಿ ಶಾಲು, ಮೈಸೂರು ಪೇಟ, ಬಿಸಿಲಿಗೆ ಬಾಡುತ್ತಿದ್ದ ಹಾರ. ಸಾಹೇಬರು ಎಷ್ಟು ಹೊತ್ತಿಗೆ ಸಿಗುತ್ತಾರೆ ಅಂತ ಪೊಲೀಸಪ್ಪನನ್ನೇ ಕೇಳುತ್ತಿದ್ದರು. ಇಷ್ಟೆಲ್ಲ ನಡೆಯುವಾಗ ಆ ದೊಡ್ಡ ಮೆಟ್ಟಿಲು ಮಾತ್ರ ಖಾಲಿ. ದಿನದ ಓಡಾಟ ಎಲ್ಲ ಬೇರೆ ಬಾಗಿಲುಗಳಿಂದ. ಮುಂದಿನ ಮೆಟ್ಟಿಲಿಗೆ ಸಂಭ್ರಮದ ದಿನಗಳೇ ಆಗಬೇಕು, 2018ರಲ್ಲಿ ಕುಮಾರಸ್ವಾಮಿ ಪ್ರಮಾಣವಚನ ತೆಗೆದುಕೊಂಡ ಹಾಗೆ. ಭಾನುವಾರ ಖಾಲಿ ಇದ್ದಾಗ ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ಸುತ್ತ ಜನ ಇದ್ದಾಗಲೇ ಆ ಖಾಲಿ ಕಂಡಿದ್ದು.

ಕಷ್ಟವೂ ಇದೆ, ಮುಚ್ಚಿಡುವುದಿಲ್ಲ. ರಸ್ತೆ ದಾಟುವುದು ಸಾಹಸ, ವಯಸ್ಸಾದವರ ಜೊತೆಗಂತೂ ಸಿಗ್ನಲ್ಲಿಗೇ ಕಾಯಿರಿ. ಪರಿಚಯ ಅಥವಾ ಕೆಲಸ ಇಲ್ಲದೆ ಒಳಗೆ ಹೋಗುವಂತಿಲ್ಲ. ಕಲಾಪ ನಡೆಯುವಾಗ ಬಿಗಿ ಇನ್ನೂ ಜಾಸ್ತಿ. ಗಾಡಿ ತರುವ ಯೋಚನೆಯನ್ನೇ ಬಿಡಿ, ಮೆಟ್ರೋ ಇರುವಾಗ ಪಾರ್ಕಿಂಗ್ ತಲೆನೋವು ಯಾಕೆ? ಪ್ರತಿಭಟನೆ ನೋಡಬೇಕೆಂದು ಇಲ್ಲಿಗೆ ಬಂದರೂ ಸಿಗುವುದಿಲ್ಲ, ಅದಕ್ಕೆ ಈಗ ಅನುಮತಿ ಇರುವುದು ಫ್ರೀಡಂ ಪಾರ್ಕಿನಲ್ಲಿ, ಅಂದರೆ ಹಳೆಯ ಸೆಂಟ್ರಲ್ ಜೈಲಿನ ಜಾಗದಲ್ಲಿ. ಕಾಲಿಗೆ ಶಕ್ತಿ ಇದ್ದರೆ ಅಲ್ಲಿಯವರೆಗೂ ನಡೆಯಬಹುದು, ನಾವು ನಡೆಯಲಿಲ್ಲ, ದೊಡ್ಡಪ್ಪನಿಗೆ ಮಂಡಿ ನೋವು.

ಯಾವುದು ಮೇಲು ಅಂತ ಕೇಳಿದರೆ, ಮಕ್ಕಳಿದ್ದರೆ ಕಣ್ಣು ಮುಚ್ಚಿ ಟೂರು ಬುಕ್ ಮಾಡಿ. ಕ್ಯಾಮೆರಾ ಇದ್ದರೆ, ಅಥವಾ ಪಾರ್ಕು ಮುಖ್ಯ, ಕಟ್ಟಡ ಆಮೇಲೆ ಅನ್ನುವವರಾದರೆ ಭಾನುವಾರ. ಒಂದೇ ದಿನ ಇದೆ, ಒಬ್ಬರೇ ಇದ್ದೀರಿ ಅಂದರೆ ಮಾತ್ರ ಮಂಗಳವಾರವೋ ಬುಧವಾರವೋ ಹನ್ನೊಂದಕ್ಕೆ ಹೋಗಿ, ಒಂದು ಟೋಪಿ ಇರಲಿ. ಆಫೀಸಿಗೆ ಒಂದು ದಿನ ರಜೆ ಹಾಕಬೇಕಾಗುತ್ತದೆ ಅಷ್ಟೇ. ಊಟದ ಹೊತ್ತಿಗೆ ಪಾರ್ಕಿನ ನೆರಳಿಗೆ ಸೇರಿಕೊಂಡರಾಯಿತು, ನಾವು ಮಾಡಿದ್ದೂ ಅದೇ, ಉಪ್ಪು ಖಾರ ಹಚ್ಚಿದ ಸೌತೆಕಾಯಿ ಹಿಡಿದು ಮರದ ಕೆಳಗೆ ಕೂತಿದ್ದೆವು.

ಅಲ್ಲಿ ಕೂತು ನಾನು ದೊಡ್ಡಪ್ಪನಿಗೆ ಹೇಳಿದೆ, ವಿಧಾನಸೌಧದ ಗ್ರಾನೈಟು ಇಲ್ಲೇ ಮಲ್ಲಸಂದ್ರ, ಹೆಸರಘಟ್ಟದ ಕಡೆಯದು, ಅಲಂಕಾರಕ್ಕೆ ಮಾತ್ರ ಮಾಗಡಿಯ ಗುಲಾಬಿ ಕಲ್ಲು, ನಿಮ್ಮ ತುರುವೇಕೆರೆಯ ಕರಿಕಲ್ಲು ತರಿಸಿದ್ದರು ಅಂತ. ಅವರು ಸೌತೆಕಾಯಿ ತಿನ್ನುವುದನ್ನು ನಿಲ್ಲಿಸಿದರು. "ನಮ್ಮೂರ ಕಲ್ಲಾ? ಗುಡಿ ಬಸವಣ್ಣ ಮಾಡಿದಾರಲ್ಲ, ಆ ಕಲ್ಲಾ? ಮೊದ್ಲೇ ಹೇಳೋದಲ್ವೇನಯ್ಯ" ಅಂದವರೇ ಎದ್ದು, ಮಂಡಿ ನೋವನ್ನೂ ಮರೆತು, ಮತ್ತೆ ಗೇಟಿನ ಕಡೆ ಹೊರಟರು. ಬೇಲಿಯ ಹೊರಗಿನಿಂದ ಯಾವುದು ಯಾವ ಕಲ್ಲು ಅಂತ ನಮಗೆ ಗೊತ್ತಾಗಲಿಲ್ಲ. ಮುಂದಿನ ಎರಡನೇ ಶನಿವಾರಕ್ಕೆ ಅವರ ಹೆಸರಿನಲ್ಲಿ ಟಿಕೆಟ್ ತೆಗೆದಿದ್ದೇನೆ.