ಸಂತೇಪೇಟೆ ಬೆಲ್ಲದ ಅಂಗಡಿ: ನೊಣ ಸಾಕೋ ಲ್ಯಾಬ್‌ನವರು ಒಂದ್ಸಲ ಹೋಗಿ ನೋಡ್ಲೇಬೇಕು

ಮನೆಗೆ ಬೆಲ್ಲ ತಗೊಳ್ಳೋರಿಗೂ ಇದು ಉಪಯೋಗ ಆಗುತ್ತೆ, ಆದ್ರೆ ಬರೀತಿರೋದು ಮುಖ್ಯವಾಗಿ ನನ್ ಥರ ಹಣ್ಣಿನ ನೊಣ ಇಟ್ಕೊಂಡು ಕೆಲಸ ಮಾಡೋ ಪ್ರಾಜೆಕ್ಟ್ ಅಸಿಸ್ಟೆಂಟ್‌ಗಳಿಗೆ. ಮೈಸೂರಲ್ಲಿ ಅಂಥೋರು ಕಮ್ಮಿ ಏನಿಲ್ಲ, ಮೈಸೂರು ವಿವಿಯ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾ, ಅಂದ್ರೆ ಇದೇ ಹಣ್ಣಿನ ನೊಣದ ತಳಿಗಳನ್ನ ಸಾಕಿಡೋ ಸ್ಟಾಕ್ ಸೆಂಟರೇ ಇದೆ. ಅಂಗಡಿ ಇರೋದು ಸಂತೇಪೇಟೆಯಲ್ಲಿ, ಬೋರ್ಡಿನ ಬಣ್ಣ ಎಲ್ಲ ಹೋಗಿಬಿಟ್ಟಿದೆ, ಬೆಲ್ಲದ ಅಂಗಡಿ ಅಂತ ಕೇಳಿದ್ರೆ ಯಾರಾದ್ರೂ ತೋರಿಸ್ತಾರೆ.

ನಮ್ ಲ್ಯಾಬಲ್ಲಿ ಪಾರ್ಕಿನ್ಸನ್ ಕಾಯಿಲೆ ಮೇಲೆ ಕೆಲಸ. ನೊಣದ ಊಟದಲ್ಲಿ ರೊಟೆನೋನ್ ಅನ್ನೋ ಕೀಟನಾಶಕ ಸ್ವಲ್ಪ ಬೆರೆಸಿ ಕೊಡ್ತೀವಿ, ಅದು ಜೀವಕೋಶಕ್ಕೆ ಶಕ್ತಿ ತಯಾರಿಸೋ ಮೈಟೊಕಾಂಡ್ರಿಯಾದಲ್ಲಿ ಕಾಂಪ್ಲೆಕ್ಸ್ 1 ಅನ್ನೋ ಭಾಗನ ತಡೆದುಬಿಡುತ್ತೆ, ಓಡಾಟಕ್ಕೆ ಬೇಕಾದ ಡೋಪಮೈನ್ ತಯಾರಿಸೋ ನರಕೋಶಗಳು ಸೊರಗ್ತಾ ಬರ್ತವೆ. ಟ್ಯೂಬ್ ತಟ್ಟಿ ನೊಣಗಳನ್ನ ಕೆಳಗೆ ಬೀಳಿಸಿದ್ರೆ ಚೆನ್ನಾಗಿರೋವು ಸರಸರ ಅಂತ ಮೇಲಕ್ಕೆ ಹತ್ತುತ್ತವೆ, ರೊಟೆನೋನ್ ತಿಂದೋವು ಅರ್ಧಕ್ಕೇ ನಿಂತ್ಬಿಡ್ತವೆ, ಕೆಲವು ತಳದಲ್ಲೇ ಒದ್ದಾಡ್ತವೆ. ಎಷ್ಟು ಸೆಕೆಂಡಲ್ಲಿ ಎಷ್ಟು ನೊಣ ಗೆರೆ ದಾಟಿದ್ವು ಅಂತ ಎಣಿಸೋದು ನನ್ ಕೆಲಸ. ನೊಣಕ್ಕೂ ಮನುಷ್ಯನ ಮಿದುಳಿಗೂ ಏನ್ ಸಂಬಂಧ ಅಂತ ತುಂಬ ಜನ ಕೇಳ್ತಾರೆ. ನಮ್ಮಲ್ಲಿ ಕಾಯಿಲೆ ತರೋ ಜೀನ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ನೊಣದಲ್ಲೂ ಅದಕ್ಕೆ ಸಾಟಿಯಾದ ಜೀನ್ ಸಿಗುತ್ತೆ, 2000ದಲ್ಲೇ ಪಾರ್ಕಿನ್ಸನ್ ಇದ್ದೋರ ಮಿದುಳಲ್ಲಿ ಗಂಟು ಕಟ್ಟೋ ಆಲ್ಫಾ ಸಿನ್ಯೂಕ್ಲೀನ್ ಅನ್ನೋ ಮನುಷ್ಯರ ಪ್ರೋಟೀನನ್ನ ನೊಣದೊಳಗೆ ಮಾಡಿಸಿ ಡೋಪಮೈನ್ ನರಕೋಶ ಸಾಯೋದನ್ನ ತೋರಿಸಿದ್ರು, 2024ರಲ್ಲಿ ಪೂರ್ತಿ ಬೆಳೆದ ಹಣ್ಣಿನ ನೊಣದ ಇಡೀ ಮಿದುಳಿನ ನಕ್ಷೆ ಬಂತು, 1,39,255 ನರಕೋಶ, ಯಾವುದು ಯಾವುದಕ್ಕೆ ಸೇರ್ಕೊಂಡಿದೆ ಅನ್ನೋದರ ಸಮೇತ. ಸಾಸಿವೆ ಕಾಳಿಗಿಂತ ಚಿಕ್ಕ ತಲೆಯೊಳಗೆ ಅಷ್ಟಿದೆ ಅಂದ್ರೆ ನಂಗೆ ಇವತ್ತಿಗೂ ಮೈ ಜುಮ್ ಅನ್ನುತ್ತೆ.

ಈಗ ಬೆಲ್ಲದ ವಿಷಯಕ್ಕೆ ಬರ್ತೀನಿ. ಮೈಸೂರಿನ ನೊಣದ ಲ್ಯಾಬ್‌ಗಳಲ್ಲಿ ಮಾಮೂಲಿ ಮೀಡಿಯಾ, ಅಂದ್ರೆ ನೊಣಕ್ಕೆ ಹಾಕೋ ಊಟ, ರವೆ ಬೆಲ್ಲದ್ದು: 1 ಲೀಟರ್ ನೀರಿಗೆ ರವೆ 100 ಗ್ರಾಂ, ಬೆಲ್ಲ 100 ಗ್ರಾಂ, ಗಟ್ಟಿಯಾಗಕ್ಕೆ ಅಗರ್ 10 ಗ್ರಾಂ, ಕುದಿಸಿ ಇಳಿಸಿದ ಮೇಲೆ ಬೂಷ್ಟು ಹಿಡೀಬಾರ್ದು ಅಂತ ಪ್ರೊಪಿಯಾನಿಕ್ ಆಸಿಡ್ 7.5 ಎಂಎಲ್. ಅಗರ್ ಮತ್ತೆ ಆಸಿಡ್ ಕಂಪನಿ ಬಾಟಲಿಯಲ್ಲಿ ಬರ್ತವೆ, ಲಾಟ್ ನಂಬರ್ ಇರುತ್ತೆ, ಎಲ್ಲ ನೋಟ್‌ಬುಕ್ಕಲ್ಲಿ ಬರ್ಕೋತೀವಿ. ರವೆ ಬೆಲ್ಲ ಮಾತ್ರ ಯಾವ್ದೋ ಅಂಗಡಿದು, ಯಾರೂ ಕೇಳಲ್ಲ. ಅಲ್ಲೇ ಇರೋದು ತೊಂದರೆ. ಬೆಲ್ಲ ಅಂದ್ರೆ ಬರೀ ಸಕ್ಕರೆ ಅಂಶ ಅಲ್ವಲ್ಲ, ಕಬ್ಬಿಣ ಇದೆ, ಬೇರೆ ಖನಿಜ ಇವೆ, ಕಬ್ಬಿಂದ ಬಂದ ಫಿನಾಲಿಕ್ ಅಂಶಗಳಿವೆ, ಅವು ಆಂಟಿಆಕ್ಸಿಡೆಂಟ್, ಅಂದ್ರೆ ಅವೂ ನರಕೋಶನ ಕಾಪಾಡಬಹುದು. ನಾವು ಒಂದು ಸೊಪ್ಪಿನ ಸಾರ ರೊಟೆನೋನ್ ಏಟಿಂದ ನರಕೋಶನ ಕಾಪಾಡುತ್ತಾ ಅಂತ ನೋಡ್ತಿರ್ತೀವಿ, ಅರ್ಧ ಪ್ರಯೋಗ ಒಂದು ಬೆಲ್ಲದಲ್ಲಿ ಇನ್ನರ್ಧ ಇನ್ನೊಂದು ಬೆಲ್ಲದಲ್ಲಿ ಆದ್ರೆ ನೊಣ ಮೇಲೆ ಹತ್ತಿದ್ದು ಸೊಪ್ಪಿಂದಾನೋ ಬೆಲ್ಲದಿಂದಾನೋ ಯಾರು ಹೇಳ್ತಾರೆ? ಅದರ ಮೇಲೆ ಬಣ್ಣ ಬೆಳ್ಳಗಾಗ್ಲಿ ಅಂತ ಆಲೆಮನೆಯಲ್ಲಿ ಹೈಡ್ರೋಸ್ ಅನ್ನೋ ಬ್ಲೀಚ್ ಪುಡಿ ಹಾಕಿದ್ರೆ ಬೆಲ್ಲದೊಳಗೆ ಸಲ್ಫರ್ ಡೈಆಕ್ಸೈಡ್ ಉಳ್ಕೊಳ್ಳುತ್ತೆ, ಆಕ್ಸಿಡೇಶನ್ ಅಳೆಯೋ ಲ್ಯಾಬಿಗೆ ಅದು ಬೇರೆ ತಲೆನೋವು.

ಮುಂಚೆ ಬೇರೆ ಒಂದು ಅಂಗಡಿಯಿಂದ ತರಿಸ್ತಿದ್ವಿ. ಒಂದ್ಸಲ ಕಂದು ಬಣ್ಣ, ಇನ್ನೊಂದ್ಸಲ ಹಳದಿ, ಕೇಳಿದ್ರೆ ಎಲ್ಲ ಒಂದೇ ಬೆಲ್ಲ ತಗೊಳ್ಳಿ ಅಂತಿದ್ರು. ಹಳದಿ ಬೆಲ್ಲ ಬಂದಾಗ ಬಾಟಲಿಗಳಲ್ಲಿ ನೊಣದ ಮರಿಹುಳ ಕಮ್ಮಿ ಅನ್ನಿಸ್ತು, ಬೆಲ್ಲಾನೇ ಕಾರಣ ಅಂತ ಸಾಬೀತು ಮಾಡಿಲ್ಲ, ಆದ್ರೆ ಆ ಬ್ಯಾಚ್ ಲೆಕ್ಕಕ್ಕೆ ತಗೊಳ್ಳೋ ಧೈರ್ಯ ನಮ್ ಮೇಡಂಗೂ ಇರ್ಲಿಲ್ಲ, ನಂಗೂ ಇರ್ಲಿಲ್ಲ.

ಈ ಅಂಗಡಿಯಲ್ಲಿ ಮೊದಲನೇ ದಿನಾನೇ ಯಜಮಾನ್ರು ಕೇಳಿದ್ದು, ಎಷ್ಟ್ ತಿಂಗಳಿಗೆ ಬೇಕವ್ವ ಅಂತ. ನಾನು ಹಿಂಗಿಂಗೆ, ಎಲ್ಲ ಒಂದೇ ಅಡುಗೆಯದ್ದು ಬೇಕು, ಹೈಡ್ರೋಸ್ ಇರ್ಬಾರ್ದು ಅಂದೆ. ಅವರು ಮಂಡ್ಯ ಕಡೆಯೋರು, ಯಾವ ಆಲೆಮನೆ, ಯಾವತ್ತು ಬಂದ ಮಾಲು ಎಲ್ಲ ಬಾಯಲ್ಲೇ ಇದೆ. ಕಪ್ಪು ಕಂದಿನ ಅಚ್ಚು ಬೆಲ್ಲ ಒಂದನ್ನ ಮುರಿದು ಕೈಗಿಟ್ಟು, ಬಣ್ಣಕ್ಕೆ ಮರುಳಾಗೋರಿಗೆ ಇದು ಬ್ಯಾಡ, ನಿಮ್ಗೆ ಸರೋಯ್ತದೆ, ಕೊಳೆ ತೆಗೆಯಕ್ಕೆ ಬೆಂಡೆ ಲೋಳೆ, ಒಸಿ ಸುಣ್ಣ, ಅಷ್ಟೇಯ ಹಾಕಿರದು ಅಂದ್ರು. ಆಮೇಲೆ ನಮ್ ಪ್ರಾಜೆಕ್ಟ್‌ಗೆ ಬೇಕಾದಷ್ಟೂ ಒಂದೇ ಲಾಟಿಂದ ತೆಗೆದು ಬೇರೆ ಚೀಲಕ್ಕೆ ಹಾಕಿ ದಾರ ಕಟ್ಟಿ ಇಟ್ರು. ಫೋನ್ ಮಾಡಿದ್ರೆ, ನಿಮ್ದು ಹಂಗೇ ಮಡಗಿವ್ನಿ ಕಣವ್ವ, ಯಾರ್ಗೂ ಕೊಟ್ಟಿಲ್ಲ ಅಂತಾರೆ. ಕಂಪನಿ ಸೇಲ್ಸ್‌ನೋರು ಕೂಡ ನಂಗೆ ಇಷ್ಟು ನೆಟ್ಟಗೆ ಉತ್ತರ ಕೊಟ್ಟಿಲ್ಲ. ಅವತ್ತಿಂದ ಬೆಲ್ಲಕ್ಕೂ ನೋಟ್‌ಬುಕ್ಕಲ್ಲಿ ಲಾಟ್ ನಂಬರ್ ಇದೆ, ನಾವೇ ಕೊಟ್ಟಿದ್ದು.

ರವೆನೂ ಅಲ್ಲೇ ತಗೋತೀವಿ, ಮೀಡಿಯಂ ರವೆ, ಚಿರೋಟಿ ರವೆ ತಗೋಬೇಡಿ ಗಂಟು ಕಟ್ಟುತ್ತೆ. ಇನ್ನೊಂದು ದೊಡ್ಡ ವಿಷಯ, ಸೊಳ್ಳೆ ಬತ್ತಿ, ಜಿರಲೆ ಸ್ಪ್ರೇ ಇಂಥವನ್ನ ಇವರು ಮಾರೋದೇ ಇಲ್ಲ. ಬೇರೆ ಅಂಗಡಿಗಳಲ್ಲಿ ರವೆ ಮೂಟೆ ಪಕ್ಕದಲ್ಲೇ ಅವನ್ನ ಜೋಡಿಸಿರ್ತಾರೆ, ಅದ್ರಲ್ಲಿರೋ ಪೈರೆಥ್ರಾಯ್ಡ್ ಸೊಳ್ಳೆಗಷ್ಟೇ ಅಲ್ಲ ನಮ್ ನೊಣಕ್ಕೂ ವಿಷ, ನರಕ್ಕೇ ಹೊಡೆಯೋದು.

ಒಂದಿನ ಯಜಮಾನ್ರು ತೂಕ ಹಾಕ್ತಾ ಹಾಕ್ತಾ ಕೇಳಿದ್ರು, ನಮ್ಮಣ್ಣಂಗೂ ಒಂದ್ ಕೈ ನಡುಗ್ತದೆ, ಅಕ್ಷರ ಸಣ್ಣಗಾಗೋಗದೆ, ನಿಮ್ ನೊಣದಿಂದ ಏನಾರ ಔಸ್ದಿ ಸಿಕ್ತಾ ಅಂತ. ಇಲ್ಲ ಅಂತಾನೇ ಹೇಳ್ದೆ. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆ ಬಗ್ಗೆ ಬರೆದಾಗಿಂದ ಇವತ್ತಿನವರೆಗೂ ನರಕೋಶ ಸಾಯೋದನ್ನ ನಿಲ್ಲಿಸೋ ಔಷಧಿ ಯಾರ ಕೈಲೂ ಇಲ್ಲ, ಆದ್ರೆ ಲೆವೊಡೋಪ ಮಾತ್ರೆಯಿಂದ ನಡುಕ, ಬಿಗಿತ ಎಷ್ಟೋ ಹಿಡಿತಕ್ಕೆ ಬರುತ್ತೆ, ತಡ ಮಾಡದೆ ನರರೋಗ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ಅಂದೆ. ಗ್ರಂದಿಗೆ ಅಂಗಡಿಯಿಂದ ನಸುಗುನ್ನಿ ಬೀಜದ ಪುಡಿ ತಂದು ಕೊಡ್ತಿದೀವಿ ಅಂದ್ರು. ಅದರಲ್ಲಿ ಎಲ್-ಡೋಪ, ಅಂದ್ರೆ ಅದೇ ಲೆವೊಡೋಪ, ನಿಜವಾಗ್ಲೂ ಇದೆ, ಅದಕ್ಕೇ ಹುಷಾರಾಗಿರ್ಬೇಕು, ಪುಡಿಯಿಂದ ಪುಡಿಗೆ ಪ್ರಮಾಣ ಬೇರೆ, ಮಾತ್ರೆ ಜೊತೆ ಸೇರಿದ್ರೆ ಹೆಚ್ಚಾಗಿಬಿಡುತ್ತೆ, ಡಾಕ್ಟರಿಗೆ ಮುಚ್ಚಿಡ್ಬೇಡಿ ಅಂತ ಹೇಳಿ ಚೀಟಿಯಲ್ಲಿ ಬರ್ಕೊಟ್ಟೆ. ಡಾಕ್ಟರ್ ಹತ್ರ ಹೋಗಿಬಂದ್ರಂತೆ, ಮಾತ್ರೆ ಶುರುವಾಗಿದೆ.

ತೊಂದರೆನೂ ಹೇಳ್ಬಿಡ್ತೀನಿ. ಗಾಡಿ ನಿಲ್ಸಕ್ಕೆ ಜಾಗ ಇಲ್ಲ, ಲಗೇಜ್ ಆಟೋಗಳ ಮಧ್ಯೆ ಚೀಲ ಹೊತ್ಕೊಂಡೇ ಬರ್ಬೇಕು. ಡೆಲಿವರಿ ಇಲ್ಲ. ಬಿಲ್ ಕೇಳಿದ್ರೆ ಕೊಡ್ತಾರೆ ಆದ್ರೆ ಕೈಬರಹದ್ದು, ಆಫೀಸಿನೋರು ಕೊಸರಾಡ್ದೆ ಇರ್ಲಿ ಅಂದ್ರೆ ಪ್ರಾಜೆಕ್ಟ್ ಹೆಸರು, ತಾರೀಖು, ಸೀಲು ಅಲ್ಲೇ ನಿಂತು ಹಾಕಿಸ್ಕೊಳ್ಳಿ. ಮಳೆಗಾಲದಲ್ಲಿ ಬೆಲ್ಲ ನೀರು ಬಿಡುತ್ತೆ, ಇದು ಅಂಗಡಿ ತಪ್ಪಲ್ಲ, ಹೈಡ್ರೋಸ್ ಇಲ್ಲದ ಬೆಲ್ಲ ಬೇರೆ ಇನ್ನೂ ಬೇಗ ಮೆತ್ತಗಾಗುತ್ತೆ ಅನ್ನೋದು ನನ್ ಅನುಭವ. ತಂದ ತಕ್ಷಣ ಚೂರು ಮಾಡಿ 100 ಗ್ರಾಂ ಪ್ಯಾಕೆಟ್ ಕಟ್ಟಿ ಗಾಳಿ ಆಡದ ಡಬ್ಬದಲ್ಲಿ ಇಡಿ, ಇಲ್ಲಾಂದ್ರೆ ಆಮೇಲೆ ತೂಗಿದಾಗ ನೀರಿನ ತೂಕಾನೂ ಸೇರ್ಕೊಳ್ಳುತ್ತೆ. ದಸರಾ ಟೈಮಲ್ಲಿ ಆ ಕಡೆ ಕಾಲಿಡಕ್ಕಾಗಲ್ಲ, ಅಷ್ಟರೊಳಗೆ ತಗೊಂಡ್ಬಿಡಿ. ಬೆಳಿಗ್ಗೆ ಬೇಗ ಹೋದ್ರೆ ಯಜಮಾನ್ರೇ ಇರ್ತಾರೆ, ಮಧ್ಯಾಹ್ನದ ಮೇಲೆ ಕೆಲಸದ ಹುಡುಗ ಇರ್ತಾನೆ, ಅವನಿಗೆ ಲಾಟ್ ವಿಷಯ ಗೊತ್ತಿಲ್ಲ, ಚೀಲಕ್ಕೆ ಕಟ್ಟಿರೋ ದಾರ ನೋಡಿ ನೀವೇ ಇಸ್ಕೊಳ್ಳಿ.