ಮುಖಕ್ಕೆ ಪೂರ್ತಿ ಗ್ರಿಲ್ ಇರುವ ಹಾಕಿ ಹೆಲ್ಮೆಟ್: ಮಕ್ಕಳನ್ನು ಇನ್‌ಲೈನ್ ಹಾಕಿಗೆ ಸೇರಿಸಿದವರು ಓದಲೇಬೇಕು

ಮಕ್ಕಳನ್ನು ಇನ್‌ಲೈನ್ ಹಾಕಿಗೆ, ಅಂದರೆ ಚಕ್ರದ ಸ್ಕೇಟ್ಸ್ ಮೇಲೆ ಆಡುವ ಹಾಕಿಗೆ, ಸೇರಿಸಿದ ಕೂಡಲೇ ನಾವೆಲ್ಲ ದುಡ್ಡು ಹಾಕುವುದು ಸ್ಕೇಟ್ಸ್‌ಗೆ, ಆಮೇಲೆ ಸ್ಟಿಕ್‌ಗೆ. ತಲೆಗೆ ಮಾತ್ರ ಮನೆಯಲ್ಲಿರುವ ಸೈಕಲ್ ಹೆಲ್ಮೆಟ್ಟೇ ಸಾಕು ಅಂತ ಸುಮ್ಮನಾಗುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಟಿಕ್ ಅಗ್ಗದ್ದಾದರೂ ಪರವಾಗಿಲ್ಲ, ಹೆಲ್ಮೆಟ್ ಮಾತ್ರ ಹಾಕಿಗೆಂದೇ ಮಾಡಿದ್ದು, ಗಲ್ಲದವರೆಗೂ ಗ್ರಿಲ್ ಇರುವುದು ತಗೊಳ್ಳಿ. ನನ್ನ ಮಗಳಿಗೆ ತಗೊಂಡಿದ್ದು ಜಯನಗರದ ಒಂದು ಸ್ಪೋರ್ಟ್ಸ್ ಅಂಗಡಿಯಲ್ಲಿ, ಗ್ರಿಲ್ ಸೇರಿ 8,500 ರೂಪಾಯಿ ಆಯಿತು. ಬೇಸಿಗೆ, ಮಳೆಗಾಲ ಎರಡರಲ್ಲೂ ಬಳಸಿ ನೋಡಿಯೇ ಬರೆಯುತ್ತಿದ್ದೇನೆ.

ಇಷ್ಟು ಹಟ ಹಿಡಿದು ಹೇಳಲು ಕಾರಣ ಐಸ್ ಹಾಕಿ ಆಟಗಾರ ಮ್ಯಾನಿ ಮಲ್ಹೋತ್ರಾ. ಹೆಸರು ಕೇಳಿದರೆ ದಿಲ್ಲಿ ಕಡೆಯವರು ಅನ್ನಿಸಬಹುದು, ಆದರೆ ಹುಟ್ಟಿ ಬೆಳೆದಿದ್ದೆಲ್ಲ ಕೆನಡಾದಲ್ಲಿ. ತಂದೆ ಪಂಜಾಬಿ ಮೂಲದವರು, ತಾಯಿ ಫ್ರೆಂಚ್ ಕೆನಡಿಯನ್. 1998ರ ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದು) ನ್ಯೂಯಾರ್ಕ್ ರೇಂಜರ್ಸ್ ತಂಡ ಅವರನ್ನು ಏಳನೆಯವರಾಗಿ ಆರಿಸಿಕೊಂಡಿತು, ಅದೇ ವರ್ಷ 18ನೇ ವಯಸ್ಸಿಗೇ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಆಡಲು ಶುರು ಮಾಡಿದರು. ಗೋಲುಗಳ ಸುರಿಮಳೆ ಸುರಿಸುವ ಆಟಗಾರರೇನಲ್ಲ. ಎದುರಾಳಿಯನ್ನು ತಡೆಯುವುದು, ಫೇಸ್‌ಆಫ್ ಗೆಲ್ಲುವುದು ಅವರ ಕೆಲಸ. ಫೇಸ್‌ಆಫ್ ಅಂದರೆ, ಇಬ್ಬರು ಎದುರು ಬದುರು ಬಗ್ಗಿ ನಿಂತಿರುತ್ತಾರೆ, ರೆಫರಿ ಮಧ್ಯದಲ್ಲಿ ಪಕ್ (ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆ) ಬೀಳಿಸುತ್ತಾರೆ, ಅದು ಐಸ್ ಮುಟ್ಟುವ ಕ್ಷಣಕ್ಕೇ ಸ್ಟಿಕ್ಕಿನಿಂದ ಹಿಂದಕ್ಕೆ ಎಳೆದುಕೊಳ್ಳಬೇಕು. ಕಣ್ಣಿರುವುದು ರೆಫರಿಯ ಕೈ ಮೇಲೆ, ಕೈಯಿರುವುದು ಕೆಳಗಡೆ ಸ್ಟಿಕ್ ಮೇಲೆ. ಪೂರ್ತಿ ಕಣ್ಣಿನ ಆಟ ಅದು. ಆ ಕೆಲಸದಲ್ಲಿ ಲೀಗಿನ ಒಳ್ಳೊಳ್ಳೆಯವರ ಸಾಲಿನಲ್ಲಿದ್ದರು ಮಲ್ಹೋತ್ರಾ.

2011ರ ಮಾರ್ಚ್‌ನಲ್ಲಿ ವ್ಯಾಂಕೂವರ್ ಪರ ಆಡುತ್ತಿದ್ದಾಗ ಪಕ್ ಬಂದು ಅವರ ಎಡಗಣ್ಣಿಗೆ ಬಡಿಯಿತು. ಕಣ್ಣಿಗೆ ಒಂದಕ್ಕಿಂತ ಹೆಚ್ಚು ಆಪರೇಷನ್ ಆಯಿತು. ಆದರೂ ಜೂನ್ 4ರಂದು ಎನ್‌ಎಚ್‌ಎಲ್ ಟ್ರೋಫಿಯಾದ ಸ್ಟಾನ್ಲಿ ಕಪ್‌ನ ಫೈನಲ್‌ನ ಎರಡನೇ ಪಂದ್ಯಕ್ಕೆ ವಾಪಸ್ ಬಂದರು, ಮುಖಕ್ಕೆ ಪೂರ್ತಿ ರಕ್ಷಣೆ ಹಾಕಿಕೊಂಡು. ವ್ಯಾಂಕೂವರಿನ ಜನ ಎದ್ದು ನಿಂತು ಕೂಗಿದ್ದನ್ನು ನೋಡಿದರೆ ಈಗಲೂ ಗಂಟಲು ಕಟ್ಟುತ್ತದೆ. ಆ ಫೈನಲ್ ಏಳನೇ ಪಂದ್ಯದವರೆಗೂ ಎಳೆದು ಕೊನೆಗೆ ಬಾಸ್ಟನ್ ಗೆದ್ದಿತು. ಕಣ್ಣು ಮಾತ್ರ ಮೊದಲಿನ ಹಾಗೆ ಆಗಲೇ ಇಲ್ಲ. 2013ರಲ್ಲಿ ಅವರ ತಂಡವೇ, ಇನ್ನು ಆಡಿಸಿದರೆ ಅಪಾಯ ಅಂತ ಆ ಸೀಸನ್ ಪೂರ್ತಿ ಹೊರಗಿಟ್ಟಿತು. ಅಷ್ಟಾದ ಮೇಲೂ ಕೆಳಗಿನ ಲೀಗಿಗೆ ಹೋಗಿ ಆಡಿ, ಅಲ್ಲಿಂದ ಮತ್ತೆ ಮೇಲೆ ಬಂದು ಕ್ಯಾರೊಲೈನಾ ಮತ್ತು ಮಾಂಟ್ರಿಯಲ್ ಪರ ಆಡಿದರು. ಎನ್‌ಎಚ್‌ಎಲ್‌ನಲ್ಲಿ ಒಟ್ಟು 991 ಪಂದ್ಯ. ಸಾವಿರಕ್ಕೆ ಒಂಬತ್ತೇ ಕಡಿಮೆ ನೋಡಿ! ಆಮೇಲೆ ಕೋಚ್ ಆಗಿ 2025ರಲ್ಲಿ ಅಬಟ್ಸ್‌ಫರ್ಡ್ ತಂಡಕ್ಕೆ ಆ ಕೆಳಗಿನ ಲೀಗಿನ ಟ್ರೋಫಿ ಕಾಲ್ಡರ್ ಕಪ್ ಗೆಲ್ಲಿಸಿಕೊಟ್ಟರು, ಪಂಜಾಬಿ ಮನೆತನದ ಇನ್ನೊಬ್ಬ ಹುಡುಗ ಅರ್ಷ್‌ದೀಪ್ ಬೈನ್ಸ್ ಕೂಡ ಆ ತಂಡದಲ್ಲಿದ್ದ ಅನ್ನುವುದು ನನಗೆ ಇನ್ನೂ ಖುಷಿ.

ಪಕ್ ಒಂದೇ ಅಲ್ಲ, ಸ್ಟಿಕ್ಕೂ ಅಪಾಯವೇ. ಬ್ರಯಾನ್ ಬೆರಾರ್ಡ್ ಅನ್ನುವವರು 1995ರ ಡ್ರಾಫ್ಟ್‌ನಲ್ಲಿ ಮೊದಲನೆಯವರಾಗಿ ಆಯ್ಕೆಯಾದವರು. 2000ನೇ ಇಸವಿಯಲ್ಲಿ ಎದುರಾಳಿ ಹೊಡೆದ ರಭಸಕ್ಕೆ ಮೇಲೆದ್ದ ಸ್ಟಿಕ್ಕು ಅವರ ಕಣ್ಣಿಗೆ ತಗುಲಿತು, ಬೇಕೆಂದು ಹೊಡೆದಿದ್ದಲ್ಲ. ಇಂಥ ಎಷ್ಟೋ ಗಾಯಗಳಾದ ಮೇಲೆ 2013ರಲ್ಲಿ ಎನ್‌ಎಚ್‌ಎಲ್, 25 ಪಂದ್ಯವೂ ಆಡಿರದವರು ವೈಸರ್, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪಟ್ಟಿ, ಹಾಕಲೇಬೇಕು ಅಂತ ನಿಯಮ ಮಾಡಿತು. ಬರೀ ಹೆಲ್ಮೆಟ್ ನಿಯಮ ಬಂದಿದ್ದೇ 1979ರಲ್ಲಿ, ಅದೂ ಹೊಸಬರಿಗೆ ಮಾತ್ರ. ಹೆಲ್ಮೆಟ್ ಇಲ್ಲದೆ ಆಡಿದ ಕೊನೆಯ ಆಟಗಾರ ಕ್ರೇಗ್ ಮ್ಯಾಕ್‌ಟ್ಯಾವಿಶ್ ನಿವೃತ್ತಿಯಾಗಿದ್ದು 1997ರಲ್ಲಿ! ಮಕ್ಕಳ ವಿಷಯದಲ್ಲಿ ಚರ್ಚೆಯೇ ಇಲ್ಲ, ಅಂತಾರಾಷ್ಟ್ರೀಯ ಐಸ್ ಹಾಕಿಯಲ್ಲಿ 18 ತುಂಬದವರು ಮುಖ ಪೂರ್ತಿ ಮುಚ್ಚಲೇಬೇಕು.

ನಮ್ಮ ಮಕ್ಕಳು ಆಡುವುದು ಚಕ್ರದ ಮೇಲೆ, ಪಕ್ಕೂ ಹಗುರವಾದ ಪ್ಲಾಸ್ಟಿಕ್‌ನದು, ಅಷ್ಟೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಐಸ್ ಹಾಕಿಯ ರಬ್ಬರ್ ಪಕ್ 156ರಿಂದ 170 ಗ್ರಾಂ ತೂಗುತ್ತದೆ, ದೊಡ್ಡವರು ಹೊಡೆದರೆ ಗಂಟೆಗೆ 160 ಕಿಲೋಮೀಟರ್ ದಾಟಬಹುದು, ನಮ್ಮಲ್ಲಿ ಅಷ್ಟಿಲ್ಲ, ನಿಜ. ಆದರೆ ಸ್ಟಿಕ್ಕು ಅದೇ ಸ್ಟಿಕ್ಕು ಅಲ್ವಾ? ಒಂದು ಸಂಜೆ ಪ್ರಾಕ್ಟೀಸ್‌ನಲ್ಲಿ ಗೆಳತಿಯ ಸ್ಟಿಕ್ಕು ಮೇಲೆದ್ದು ನನ್ನ ಮಗಳ ಗ್ರಿಲ್ಲಿಗೆ ಬಡಿಯಿತು. ಮೂಗಿನ ನೇರಕ್ಕೆ ಎರಡು ಕಂಬಿ ಸೇರುವ ಜಾಗದಲ್ಲಿ ಬಿಳಿ ಪೇಂಟ್ ಎದ್ದು ಒಳಗಿನ ಲೋಹ ಕಾಣುತ್ತಿದೆ. ಅವಳಿಗೆ ಒಂದು ಗೀರೂ ಆಗಲಿಲ್ಲ, ಹಾಗೇ ಆಟ ಮುಂದುವರಿಸಿದಳು.

ಅಂಗಡಿಯವರು ಮೊದಲು ತೋರಿಸಿದ್ದು ಕ್ರಿಕೆಟ್ ಹೆಲ್ಮೆಟ್. "ಮೇಡಂ, ಹಾಕಿ ಹೆಲ್ಮೆಟ್ ಯಾರೂ ಕೇಳಲ್ಲ, ಇದಕ್ಕೂ ಗ್ರಿಲ್ ಇದೆಯಲ್ಲ" ಅಂದರು. ಕ್ರಿಕೆಟ್ ಗ್ರಿಲ್ಲಿನ ಸಂದು ಇಟ್ಟಿರುವುದು ಕ್ರಿಕೆಟ್ ಚೆಂಡು ಒಳಗೆ ನುಗ್ಗದ ಲೆಕ್ಕದಲ್ಲಿ. ಪಕ್ ಒಂದೇ ಇಂಚು ದಪ್ಪ, ಅಡ್ಡಡ್ಡ ಬಂದರೆ ನುಸುಳಬಹುದು, ಸ್ಟಿಕ್ಕಿನ ತುದಿಯೂ ಅಷ್ಟೇ. ಸೈಕಲ್ ಹೆಲ್ಮೆಟ್ಟಿನ ಥರ್ಮಾಕೋಲಿನಂಥ ಫೋಮ್ ಒಂದು ದೊಡ್ಡ ಏಟಿಗೆ ಕುಸಿದುಹೋಗುತ್ತದೆ, ಆಮೇಲೆ ಬಿಸಾಕಬೇಕು. ಹಾಕಿ ಹೆಲ್ಮೆಟ್ಟಿನ ಫೋಮ್ ಮತ್ತೆ ಮತ್ತೆ ಬೀಳುವ ಏಟಿಗೆಂದೇ ಮಾಡಿದ್ದು. ಇದನ್ನು ಹೇಳಿದ ಮೇಲೆ ಅವರು ಒಳಗಿನ ಗೋಡೌನ್‌ನಿಂದ ಹಾಕಿ ಹೆಲ್ಮೆಟ್ ತಂದು ಕೊಟ್ಟರು, ಎಷ್ಟು ಹೊತ್ತಾದರೂ ಬೇಜಾರಿಲ್ಲದೆ ಸೈಜ್ ಹೊಂದಿಸಿ ತೋರಿಸಿದರು. ಅದನ್ನು ಮೆಚ್ಚಲೇಬೇಕು.

ಫಿಟ್ಟಿಂಗ್ ಬಗ್ಗೆ ಹೆಣ್ಣು ಮಕ್ಕಳ ತಾಯಂದಿರಿಗೆ ಒಂದು ಮಾತು. ಜಡೆ ಹೇಗೆ ಹಾಕಿಕೊಂಡು ಆಡುತ್ತಾಳೋ ಹಾಗೇ ಹಾಕಿಸಿಕೊಂಡು ಅಂಗಡಿಗೆ ಹೋಗಿ. ಮೇಲೆತ್ತಿ ಕಟ್ಟಿದ ಜುಟ್ಟಿನ ಮೇಲೆ ಅಳತೆ ನೋಡಿದರೆ ಹೆಲ್ಮೆಟ್ ಹಿಂದಕ್ಕೆ ಜಾರಿ ಹಣೆ ಬಯಲಾಗುತ್ತದೆ. ಕತ್ತಿನ ಹತ್ತಿರ ಕೆಳಗೆ ಹೆಣೆದ ಎರಡು ಜಡೆ ಸರಿಹೋಗುತ್ತದೆ. ಹುಬ್ಬಿನ ಮೇಲೆ ಒಂದು ಬೆರಳಿನಷ್ಟು ಜಾಗ ಇರಬೇಕು, ಗಲ್ಲ ಚಿನ್ ಕಪ್ಪಿನಲ್ಲಿ ಕೂರಬೇಕು, ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು. ಇದರಲ್ಲಿ ಪಕ್ಕದ ಕ್ಲಿಪ್ ಎತ್ತಿ ಸೈಜ್ ಬದಲಿಸಬಹುದು, ಸ್ಕ್ರೂಡ್ರೈವರ್ ಬೇಡ. ಬೆಳೆಯುವ ಮಕ್ಕಳಿಗೆ ಇದು ದೊಡ್ಡ ಅನುಕೂಲ.

ಗ್ರಿಲ್ ಬದಲು ಪಾರದರ್ಶಕ ಪ್ಲಾಸ್ಟಿಕ್ ಶೀಲ್ಡ್ ಇರುವುದೂ ಸಿಗುತ್ತದೆ, ನೋಡಲು ಚೆಂದ. ಇನ್ನೊಂದು ಮಗುವಿನ ಹತ್ತಿರ ಇದೆ, ಮಳೆ ಬಂದು ನಿಂತ ಸಂಜೆಗಳಲ್ಲಿ ಉಸಿರಿಗೇ ಮಂಜು ಕಟ್ಟಿ ಒರೆಸಿಕೊಳ್ಳುತ್ತಾ ನಿಲ್ಲಬೇಕು. ನಮ್ಮ ಹವೆಗೆ ಗ್ರಿಲ್ಲೇ ಸರಿ. ಕಂಬಿಗಳು ಅಡ್ಡ ಬರುತ್ತವೆ ಅಂತ ಶುರುವಿನಲ್ಲಿ ಮಗಳು ತುಂಬಾ ಗೊಣಗಿದಳು, ಈಗ ಆ ಮಾತೇ ಎತ್ತುವುದಿಲ್ಲ.

ಕೊರತೆಗಳೂ ಇವೆ. ತೂಕ ಜಾಸ್ತಿ, ಚಿಕ್ಕ ಮಕ್ಕಳಿಗೆ ಕತ್ತು ನೋಯುತ್ತದೆ. ಗಲ್ಲದ ಪಟ್ಟಿಯ ಬಟನ್ ತುಂಬಾ ಬಿಗಿ, ಮಗುವೇ ಬಿಚ್ಚಲು ಆಗುವುದಿಲ್ಲ. ಪೇಂಟ್ ಹೋದ ಕಡೆ ತುಕ್ಕು ಶುರುವಾಗಿದೆ, ಈ ಬೆಲೆಗೆ ಅದು ಆಗಬಾರದಿತ್ತು. ಬೆವರಿನ ವಾಸನೆಯಂತೂ ಬೇಗ ಹಿಡಿಯುತ್ತದೆ, ಬ್ಯಾಗಿನಲ್ಲೇ ಬಿಡದೆ ಪ್ರತಿಸಲ ಒದ್ದೆ ಬಟ್ಟೆಯಲ್ಲಿ ಒರೆಸಿ ಫ್ಯಾನ್ ಕೆಳಗೆ ಒಣಗಿಸಿ. ಬಿಸಿಲಿಗೆ ಇಡಬೇಡಿ, ಪ್ಲಾಸ್ಟಿಕ್ ಹಾಳಾಗುತ್ತದೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಹಿಂಭಾಗದ ಎಚ್‌ಇಸಿಸಿ (ಹಾಕಿ ಸಾಮಗ್ರಿಗೆ ಸುರಕ್ಷತಾ ಸರ್ಟಿಫಿಕೇಟ್ ಕೊಡುವ ಸಂಸ್ಥೆ) ಸ್ಟಿಕ್ಕರ್ ನೋಡಿ. ತಯಾರಾದ ದಿನದಿಂದ ಆರೂವರೆ ವರ್ಷಕ್ಕೆ ಆ ಸರ್ಟಿಫಿಕೇಟ್ ಮುಗಿಯುತ್ತದೆ. ಸ್ಟಿಕ್ಕರ್ ಕಿತ್ತಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ನಾನು ಹೋದಾಗ ಅಂಗಡಿಯಲ್ಲಿ ಸ್ಮಾಲ್ ಮತ್ತು ಮೀಡಿಯಂ ಮಾತ್ರ ಇತ್ತು. ಲಾರ್ಜ್ ಬೇಕಿದ್ದರೆ ಹೇಳಿ ತರಿಸಬೇಕು, ಅಡ್ವಾನ್ಸ್ ಕೊಡುವ ಮುಂಚೆ ಸೈಜ್ ಆಗದಿದ್ದರೆ ಬದಲಿಸಿಕೊಡುತ್ತಾರಾ ಅಂತ ಕೇಳಿಕೊಳ್ಳಿ.